ಕಳ್ಳನಾಗಬೇಕಿದ್ದ ಡಾಕ್ಟರ್

ಗೆಳೆಯರೇ, ಇವತ್ತು ಸುರೇಶ ನಮ್ಮ ಆಟದ ಗುಂಪು ಬಿಟ್ಟ. ಭಾನುವಾರ ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ ನಮ್ಮದು. ಸುರೇಶ ಸತ್ತೂರಿನಲ್ಲಿ ಡಾಕ್ಟರ್. ಹಾಗಾಗಿ ಆಟದಲ್ಲೂ ಅವನನ್ನೇ ವೈದ್ಯನನ್ನಾಗಿ ಮಾಡಿದ್ದೆವು.

ಇವತ್ತು ಕಥೆಯೊಳಗಿನ ರಾಕ್ಷಸ ನನ್ನ ಕಾಲು ಮುರಿದ. “ಲಗೂ ಪಟ್ಟಿ ಕಟ್ಟೋ,” ಎಂದೆ.

ಸುರೇಶ ದಾಳ ಕೆಳಗಿಟ್ಟ. “ವಾರಪೂರ್ತಿ ಅದನ್ನ ಮಾಡಿ ಬಂದೇನಿ. ಇಲ್ಲೆರ ನನ್ನ ಕಳ್ಳನ್ನ ಮಾಡ್ರಿ ಅಂತ ಎಷ್ಟ ಸಲ ಹೇಳೂದು? ನಾ ಇನ್ನ ಬರೂದಿಲ್ಲ.”

ಅವನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ನಮ್ಮವ್ವ ಚಹಾ ತಂದಳು. “ಹೊಂಟಿ ಏನಪಾ? ಹೋಗೂ ಮುಂದ ನನ್ನ ಮೊಣಕಾಲ ಸ್ವಲ್ಪ ನೋಡಪಾ.”

ಚಪ್ಪಲಿ ಬಿಟ್ಟು ಬಂದು ನೋಡಿದ.

ಕಳ್ಳನ ಪಾತ್ರ ಕೊಡುತ್ತೇನೆಂದು ಅವನನ್ನು ಮತ್ತೆ ಕರೆಯಬೇಕು. ಅದಕ್ಕೂ ಮೊದಲು ಅವ್ವನನ್ನು ಅಕ್ಕನ ಮನೆಗೆ ಕಳಿಸಬೇಕು.