ಒಂದೂವರೆ ಗೇಣು ದಿನಚರಿ

ನನ್ನ ದಿನಚರಿಯ ನೋಟ್‌ಬುಕ್ಕು ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಸದಾ ತೆರೆದೇ ಬಿದ್ದಿರುತ್ತದೆ. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ನೇಕಾರರ ಮನೆಯಲ್ಲಿ ತಲೆಮಾರುಗಳಿಂದ ಎಲ್ಲರೂ ಆಡುವುದು ಕನ್ನಡ, ಓದುವುದು ಮಾತ್ರ ತಮಿಳು. ಹಾಗಾಗಿ ಮೈಸೂರಿನಲ್ಲಿ ಎಂ.ಎ. ಮಾಡುವಾಗ ಕಲಿತು ತಂದ ಕನ್ನಡ ಲಿಪಿಗಿಂತ ಭದ್ರವಾದ ಬೀಗ ಬೇರೊಂದಿಲ್ಲವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನಿಮಗೊಂದು ಗುಟ್ಟು ಹೇಳುತ್ತೇನೆ: ನಾನು ಬರೆದಿಡುವುದು ನನ್ನ ನೆನಪನ್ನು ನಂಬಲಾರದೆ. ಬೆರಳಿನ ಗಂಟುಗಳು ಮೊದಲು ಊದಿದ್ದು ಅಕ್ಕನ ಮದುವೆಯಲ್ಲೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ನೋಟ್‌ಬುಕ್ಕು ಅದಕ್ಕೂ ಒಂದು ವರ್ಷ ಮೊದಲೇ ಎನ್ನುತ್ತದೆ. ಲೂಪಸ್ ಎಂಬ ನನ್ನ ಕಾಯಿಲೆಯ ಕಥೆಯೂ ಇದೇ. ನನ್ನನ್ನು ಕಾಯಬೇಕಾದ ರಕ್ತಕಣಗಳು ನನ್ನ ಕೀಲು, ಮೂತ್ರಪಿಂಡಗಳನ್ನೇ ಹಗೆಯೆಂದು ತಪ್ಪಾಗಿ ನೆನಪಿಟ್ಟುಕೊಂಡು, ಹಟಮಾರಿ ನೆಂಟರಂತೆ ಅದನ್ನೇ ಸಾಧಿಸುತ್ತಿವೆ. ಪೀಳಮೇಡಿನ ಡಾಕ್ಟರು ಕಳೆದ ವಾರ ಒಂದು ಪ್ರಯೋಗದ ಚಿಕಿತ್ಸೆಯ ಮಾತೆತ್ತಿದರು. ನನ್ನದೇ ಕೆಲವು ಕಣಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಬುದ್ಧಿ ಕಲಿಸಿ ಒಳಗೆ ಬಿಟ್ಟರೆ ಅವು ಆ ಮರುಳರನ್ನು ಮುಗಿಸುತ್ತವೆ; ಆಮೇಲೆ ಹುಟ್ಟುವವು ಹಳೆಯ ಹಗೆಯರಿಯದ ಹಸುಗೂಸುಗಳಾಗಿರಬಹುದು. ಬಾಲ್ಯದ ಚುಚ್ಚುಮದ್ದುಗಳನ್ನೂ ಅವು ಮರೆತಿದ್ದರೆ ಮತ್ತೆ ಹಾಕಿಸಬೇಕಾದೀತಂತೆ. ಕನ್ನಡಕ ಹಾಕಿದ ನಾನು ಕೂಸುಗಳ ಸಾಲಿನಲ್ಲಿ ನಿಂತಿರುವುದನ್ನು ಸುಮ್ಮನೆ ಊಹಿಸಿಕೊಳ್ಳಿ! ಸೋಮವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

"ಡಾಕ್ಟ್ರು ಏನ್ ಹೇಳ್ದ್ರು? ಬರ್ದಿದ್ದೀಯಲ್ಲ, ಓದು," ಎಂದಳು ಅಮ್ಮ, ತೆಂಗಿನಕಾಯಿ ತುರಿಯುತ್ತ.

"ಹೊಸ ಮದ್ದು ಬಂದಿದೆ. ಒಳ್ಳೆಯದಂತೆ," ಎಂದು ಗಂಭೀರವಾಗಿ ಓದಿದೆ.

ಮಗ್ಗದ ಮುಂದೆ ನಲವತ್ತು ವರ್ಷ ಕೂತು, ನೇಯ್ದದ್ದನ್ನು ಗೇಣು ಹಾಕಿ ನೋಡಿದವಳು ಅವಳು. ಕೈಯೊರೆಸಿಕೊಂಡು ಬಂದು ಪುಟದ ಮೇಲೆ ಗೇಣು ಹಾಕಿದಳು.

"ಒಂದ್ ಗೇಣ್ ನೇಯ್ದು ಎರಡ್ ಬೆರಳ್ ತೋರಿಸ್ತೀಯಾ, ನನ್ ಕಣ್ಣು? ಮಿಚ್ಚಂ ಎಲ್ಲಿ?"

ಮಿಕ್ಕಿದ್ದನ್ನೂ ಓದಿದೆ. ಫಲಿಸದೆ ಇರಬಹುದು. ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಸುಮ್ಮನಿದ್ದರೆ ಮೂತ್ರಪಿಂಡ ಉಳಿಯುವುದು ಅನುಮಾನ. ಅಮ್ಮನಿಗೆ ಹೇಳಬಾರದು.

ಅವಳು ಪುಟದ ಮೇಲಿಂದ ಕೈ ತೆಗೆದು, ಪೆನ್ನನ್ನು ನನ್ನತ್ತ ಸರಿಸಿದಳು.

"ಆ ಕಡೇ ಸಾಲ್ನ ಹೊಡೆದ್ ಹಾಕು. ಸೋಮವಾರ ನಾನೂ ಬರ್ತೀನಿ. ಆ ಡಾಕ್ಟ್ರು ಬರ್ದಿರೋದೆಷ್ಟು, ಓದೋದೆಷ್ಟು, ನೋಡ್ಬಿಡೋಣ."

ಸೋಮವಾರ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರದ ಪುಟಪುಟಕ್ಕೂ ಗೇಣು ಬಿತ್ತು. ಡಾಕ್ಟರು ಒಂದೆರಡು ಸಾಲು ಹಾರಿಸಿದಲ್ಲೆಲ್ಲ ಅಮ್ಮನ ಬೆರಳು ಅಡ್ಡ ಬಂತು. ಪಾಪ, ಎಲ್ಲ 'ಬಹುದು'ಗಳನ್ನೂ ಅವರು ತಮಿಳಿನಲ್ಲಿ ಹೇಳಿ ಮುಗಿಸಿದ ಮೇಲೆ, ಮಡಚಲಾರದ ಬೆರಳುಗಳಿಂದ ನಾನು ಸಹಿ ಹಾಕಿದೆ.

ನೋಟ್‌ಬುಕ್ಕು ಈಗಲೂ ಮಿಕ್ಸಿಯ ಪಕ್ಕ ತೆರೆದೇ ಇದೆ. ಇವತ್ತು ಬರೆದದ್ದು ಒಂದೂವರೆ ಗೇಣು. ಅಮ್ಮ ಆಗಲೇ ಕೈಯೊರೆಸಿಕೊಂಡು ಕಾಯುತ್ತಿದ್ದಾಳೆ.