ಕಾಕಾ ಹಿಡಿದ ಮೀನು

ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಹೆಸರೆತ್ತಿದರೂ ಕಾಕು ಮೂಗು ಮುಚ್ಚಿಕೊಳ್ಳುತ್ತಾಳೆ. ಕಾಕಾನಿಗೆ ಮಾತ್ರ ಮುಗದ ಊರಿನ ಕೆರೆಯಲ್ಲಿ ಗಾಳ ಹಾಕುವ ಹುಚ್ಚು. ರವಿವಾರ ಬೆಳಗ್ಗೆ ಅದರ ಸಲುವಾಗಿ ಗೋಧಿಹಿಟ್ಟಿನ ಕಣಕ ನಾದಿ ಡಬ್ಬಿ ತುಂಬಿಕೊಡುವವಳೂ ಕಾಕುವೇ. ಎರೆಹುಳು ಚುಚ್ಚಿದರೆ ಪಾಪವಂತೆ!

ಜತೆಗೆ ಹೋಗುತ್ತಿದ್ದವನು ಒಬ್ಬನೇ ಗೆಳೆಯ, ಕಾಕಾನ ಸಂಗಡ ಒಂದೇ ವರ್ಕ್‌ಶಾಪಿನಲ್ಲಿ ದುಡಿದವನು. "ನಿನ್ನ ಗಾಳಕ್ಕ ಬೀಳೂ ಮೀನೂ ಶಾಕಾಹಾರೀನ ಬಿಡಪಾ," ಎಂದು ಕಾಡುತ್ತಿದ್ದ. ಸಿಕ್ಕಿದ್ದೆಲ್ಲ ಅವನ ಮನೆಗೆ. ಕಾಕಾ ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ರೊಟ್ಟಿಗೆ ಕೂರುತ್ತಿದ್ದ. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ.

ಹೋದ ವರ್ಷ ಬೆಂಗೇರಿಯ ನಮ್ಮ ಮನೆಯ ಮೇಲಿನ ಕೋಣೆಗಳು ಖಾಲಿಯಾದವು. ಅದೇ ಹೊತ್ತಿಗೆ ಗೆಳೆಯನಿದ್ದ ಬಾಡಿಗೆ ಮನೆ ಕೆಡವುವುದು ಎಂದಾಯಿತು. ಹೆಂಡತಿಯನ್ನು ಕರೆದುಕೊಂಡು ಕೇಳಲು ಬಂದ. ಕಾಕು ಚಹಾ ಕೊಟ್ಟಳು, ಚುರಮುರಿ ಕೊಟ್ಟಳು, ಆಮೇಲೆ ಹೇಳಿದಳು:

"ನೀವು ಛಲೋ ಮಂದಿರಿ, ಖರೇ. ಆದ್ರ ಕೆಳಗ ದೇವರ ಜಗಲಿ ಐತಿ. ಮ್ಯಾಲ ಮೀನ ಕುದಿಯೂದಂದ್ರ…"

"ಹಿಡದಾವ್ರು ನಿಮ್ಮ ಯಜಮಾನ್ರು ವೈನಿ, ತಿಂದಾವ ಅಷ್ಟ ನಾ," ಎಂದು ಗೆಳೆಯ ನಕ್ಕ. ಕಾಕಾ ಬಸಿಯಲ್ಲಿದ್ದ ಚಹಾ ಊದುತ್ತಲೇ ಇದ್ದ. ಅದು ಆರಿ ಎಷ್ಟೋ ಹೊತ್ತಾಗಿತ್ತು.

ಗೆಳೆಯನ ಹೆಂಡತಿ ಸೆರಗು ಹೊದ್ದುಕೊಂಡು, "ಇಲ್ಲೆ ಮಾಡಂಗಿಲ್ರಿ ಅಕ್ಕಾರ. ನಮ್ಮ ತಂಗಿ ಮನ್ಯಾಗ ಉಂಡು, ಬಾಯಿ ತೊಳಕೊಂಡ ಬರ್ತೇವ್ರಿ," ಎಂದಳು.

ಅಲ್ಲಿಯ ತನಕ ನಗುತ್ತಿದ್ದವನ ಮುಖ ಗಟ್ಟಿಯಾಯಿತು. "ಏಳ, ಹೋಗೂಣು," ಎಂದು ಹೆಂಡತಿಯನ್ನು ಎಬ್ಬಿಸಿದ. ಕಾಕಾನ ಕಡೆ ನೋಡಲಿಲ್ಲ. ಕಾಕಾ ಒಂದು ಮಾತು ಆಡಿದ್ದರೆ! ಮನೆ ಅವನ ಹೆಸರಿನಲ್ಲೇ ಇದೆ.

ಮುಂದಿನ ರವಿವಾರ ಗೆಳೆಯ ಬರಲಿಲ್ಲ, ಫೋನೂ ಎತ್ತಲಿಲ್ಲ. ಕಾಕಾ ನನ್ನ ಬೈಕಿನ ಹಿಂದೆ ಕುಳಿತ. ಕೆರೆಯಲ್ಲಿ ಗಾಳ ಹಾಕಿದ ಸ್ವಲ್ಪ ಹೊತ್ತಿಗೇ ಅಂಗೈಯಗಲದ ಮೀನೊಂದು ಬಿತ್ತು. ದಂಡೆಗೆ ಎಳೆದು ಹಾಕಿದ. ಅದು ಹೊರಳಾಡಿತು. ಕಾಕಾ ಕೈ ಮುಂದೆ ಚಾಚಿದ, ಹಿಂದೆ ತೆಗೆದ. ಇಷ್ಟು ವರ್ಷ ಗಾಳದಿಂದ ಮೀನು ಬಿಡಿಸುತ್ತಿದ್ದದ್ದು ಗೆಳೆಯನ ಕೈ ಎಂಬುದು ನನಗೆ ಆಗ ತಿಳಿಯಿತು.

"ನಿನಗ ಬರತೈತೇನೋ?" ಎಂದ.

ನನಗೆಲ್ಲಿಂದ ಬರಬೇಕು? ನಾನೂ ಅದೇ ಮನೆಯವನು.

ಕೊನೆಗೆ ಕೀಲಿಕೈಯ ಗೊಂಚಲಿನಲ್ಲಿದ್ದ ಚಿಕ್ಕ ಚಾಕುವಿನಿಂದ ದಾರ ಕೊಯ್ದು, ಮೀನನ್ನು ಚಪ್ಪಲಿಕಾಲಿನಿಂದ ನೀರಿಗೆ ದೂಡಿದ. ಗಾಳ ಅದರ ಬಾಯಲ್ಲೇ ಉಳಿಯಿತು.

"ಬದುಕತೈತಿ ತಗೋ," ಎಂದು, ಕಾಕಾ ಚಪ್ಪಲಿ ತೊಳೆಯಲು ಕುಳಿತ.