ತೊಟ್ಟಿ ತುಂಬಿದರೂ ನಿಲ್ಲದ ಮೋಟರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ನವಲಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆಗೆ ಒಂದು ಕಂಪ್ಯೂಟರು ಬಂದಿತ್ತು. ಅದನ್ನು ಮುಟ್ಟುವ ಧೈರ್ಯ ಮಾಡಿದವಳು ನಾನೊಬ್ಬಳೇ.

ಆ ವರ್ಷ ವಿಜ್ಞಾನದ ಮಾಸ್ತರರು ಪ್ರದರ್ಶನಕ್ಕೆಂದು, ಗಾಜಿನ ತೊಟ್ಟಿಗೆ ತಾನಾಗಿಯೇ ನೀರೆತ್ತುವ ಯಂತ್ರ ಮಾಡಿದರು. ತೊಟ್ಟಿಯ ತಳಕ್ಕೊಂದು, ಕಂಠಕ್ಕೊಂದು ತೇಲುವ ಗುಂಡು. ಕೆಳಗಿನದು ಕುಸಿದರೆ ಮೋಟರು ಶುರು, ಮೇಲಿನದು ಎದ್ದರೆ ಬಂದ್. ತೀರ್ಮಾನ ಮಾಡುವುದು ಹುಬ್ಬಳ್ಳಿಯಿಂದ ತಂದು ಹಲಗೆಗೆ ಕೂಡಿಸಿದ ಎಲೆಕ್ಟ್ರಾನಿಕ್ ಚಿಪ್‌ಗಳು.

ಅವರು ನೀರು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ಪರೀಕ್ಷಿಸಿದರು. ನಾನು ಆ ಚಿಪ್‌ಗಳ ಜೋಡಣೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಮಾಡಿ, ಗುಂಡುಗಳ ಎಲ್ಲ ಸ್ಥಿತಿಗಳನ್ನೂ ಓಡಿಸಿ ನೋಡಿದೆ. ಒಂದು ಕಡೆ ತಪ್ಪು ಸಿಕ್ಕಿತು: ಕೆಳಗಿನ ಗುಂಡು ತಳದ ಕೆಸರಿನ ರಾಡಿಗೆ ಸಿಕ್ಕು ಏಳದಿದ್ದರೆ, ತೊಟ್ಟಿ ತುಂಬಿದರೂ ಮೋಟರು ನಿಲ್ಲುತ್ತಿರಲಿಲ್ಲ.

ಅದನ್ನು ಕಾಗದದಲ್ಲಿ ಬರೆದು ಸ್ಟಾಫ್ ರೂಮಿಗೆ ಒಯ್ದೆ. ಹೆಡ್‌ಮಾಸ್ತರರು ನನ್ನ ಮುಖವನ್ನೂ ವಿಜ್ಞಾನದ ಮಾಸ್ತರರ ಮುಖವನ್ನೂ ನೋಡಿದರು. "ಯಾವುದನ್ನ ನಂಬೂದ್ರಿ?"

"ನಂದು ಕಣ್ಣಿಗೆ ಕಾಣತೈತ್ರಿ," ಎಂದ ಮಾಸ್ತರರು ನನ್ನತ್ತ ತಿರುಗಿದರು. "ಅಕ್ಕೋರ, ನಿಮ್ಮ ಕಂಪ್ಯೂಟರಿನ್ಯಾಗ ಒಂದು ಹನಿ ನೀರರ ಐತೇನ್ರಿ?" ನನ್ನ ಕಾಗದದ ಮೇಲೆ ಚಹಾದ ಕಪ್ಪಿಟ್ಟರು. ಎಲ್ಲರೂ ನಕ್ಕರು. ಹೆಡ್‌ಮಾಸ್ತರರೂ ನಕ್ಕರು.

ಮತ್ತೊಮ್ಮೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಪ್ರದರ್ಶನದ ದಿನಕ್ಕಾಗಿ ಕಾದೆ.

ಅಂದು ಶಿಕ್ಷಣ ಇಲಾಖೆಯ ಸಾಹೇಬರು ಬಂದು, ಹೊಸ ಜಮಖಾನದ ಮೇಲೆ ಹಾಕಿದ್ದ ಕುರ್ಚಿಯಲ್ಲಿ ಕೂತರು. ಮೋಟರು ಸರಿಯಾಗಿ ಓಡಿತು, ಸರಿಯಾಗಿ ನಿಂತಿತು. ಚಪ್ಪಾಳೆ ಮುಗಿಯಲಿ ಎಂದು ತಡೆದು, ಎದ್ದು ನಿಂತೆ. "ರಾಡಿ ನೀರು ಬಂದ್ರ ಹ್ಯಾಂಗ್ರಿ?" ಎಂದು ಫುಟ್‌ಪಟ್ಟಿಯಿಂದ ಕೆಳಗಿನ ಗುಂಡನ್ನು ಅದುಮಿ ಹಿಡಿದೆ.

ಮೋಟರು ಶುರುವಾಯಿತು. ನೀರು ಕಂಠ ದಾಟಿ ಮೇಜಿಗೆ, ಮೇಜಿನಿಂದ ಜಮಖಾನಕ್ಕೆ, ಸಾಹೇಬರ ಬೂಟಿಗೆ ಇಳಿಯಿತು.

"ಕೈ ತಗೀರಿ!" ಮಾಸ್ತರರು ಚೀರಿದರು.

"ತಡೀರಿ ಸರ್, ನಿಂದರತೈತೇನೋ ನೋಡೂಣು."

ಅವರ ಕುತ್ತಿಗೆ ಕೆಂಪಾಗುವುದನ್ನು ನಾನು ಕಣ್ತುಂಬ ನೋಡಿದೆ. ಕೊನೆಗೆ ಹೆಡ್‌ಮಾಸ್ತರರೇ ಬಂದು ವೈರು ಕಿತ್ತರು. ಆ ವರ್ಷ ನಮ್ಮ ಶಾಲೆಗೆ ಬಹುಮಾನ ಬರಲಿಲ್ಲ. "ನಿಮ್ಮಿಂದ ಸಾಲಿ ಮರ್ಯಾದಿ ಹೋತು," ಎಂದು ಹೆಡ್‌ಮಾಸ್ತರರು ನನ್ನನ್ನು ಬೈದರು. ಬೈಸಿಕೊಂಡೆ. ಒಳಗೆ ತಣ್ಣಗಿತ್ತು.

ವಾರದ ಮೇಲೆ ಮಾಸ್ತರರು ಕಂಪ್ಯೂಟರಿನ ಕೋಣೆಗೆ ಬಂದು, ನೆಲ ನೋಡುತ್ತ ಕೇಳಿದರು, "ತಪ್ಪು ಹ್ಯಾಂಗ ಹುಡುಕಿದ್ರಿ? ಒಂಚೂರು ತೋರಸ್ರಿ."

ತೋರಿಸಿದೆ, ಒಂದೊಂದೇ ಸ್ಥಿತಿ, ಸಾವಕಾಶ, ಒಂದು ತಾಸು. ಬಾಜುವಿನ ಕುರ್ಚಿ ಖಾಲಿ ಇತ್ತು. ಕೂಡ್ರಿ ಅನ್ನಲಿಲ್ಲ.